ತೋಟದಲ್ಲಿ ಎಲ್ಲರಿಗೂ ಎಲ್ಲ ಕೆಲಸ ಸರದಿಯೋ, ಅವರವರ ಕೈಗೆ ಒಗ್ಗಿದ ಕೆಲಸವೋ?

ಆಲ್ದೂರು ತೋಟ
ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ, ತೋಟದ ಕೆಲಸ ನಿಂತಿದೆ. ಬಹಳ ದಿನದಿಂದ ತಲೆ ತಿನ್ನುತ್ತಿರುವ ಒಂದು ವಿಷಯ ಕೇಳುತ್ತೇನೆ.

ನಮ್ಮದು ಆಲ್ದೂರು ಕಡೆ 30 ಎಕರೆ ಅರೇಬಿಕಾ ಕಾಫಿ, ಜೊತೆಗೆ ಮೆಣಸು. ಲೈನ್ ಮನೆಯವರು (ತೋಟದಲ್ಲೇ ಕೂಲಿಯವರ ಸಾಲುಮನೆಗಳಲ್ಲಿ ಇರುವವರು), ಊರಿಂದ ಬರುವವರು ಸೇರಿ 14 ಜನ. ಅಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ, ಎರಡು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಅಪ್ಪನ ಕಾಲದಲ್ಲಿ "ಅವರಿಗೆ ಯಾವಾಗಲೂ ಹಗುರ ಕೆಲಸ, ನಮಗೆ ಮಾತ್ರ ಹೊರೆ" ಅಂತ ಗೊಣಗಾಟ ಇತ್ತು. ಅದಕ್ಕೆ ನಾನು ಬಂದ ಕೂಡಲೇ ಸರದಿ ಮಾಡಿದೆ. ಈ ವಾರ ಚಿಗುರು ತೆಗೆಯುವುದು, ಮುಂದಿನ ವಾರ ಕಣ, ಆಮೇಲೆ ಗೊಬ್ಬರ. ಎಲ್ಲರಿಗೂ ಎಲ್ಲ ಕೆಲಸ. ಗೊಣಗಾಟ ನಿಂತಿತು, ನಿಜ. ಆದರೆ ಮೊದಲು ನಾಲ್ಕು ದಿನಕ್ಕೆ ಮುಗಿಯುತ್ತಿದ್ದ ಕೆಲಸ ಆರು ದಿನ ಹಿಡಿಯುತ್ತಿದೆ.

ಕಳೆದ ಸೆಪ್ಟೆಂಬರಿನಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಹಿಡಿದ ಗಿಡ ಹುಡುಕುವಾಗ ಒಂದು ವಿಷಯ ನೋಡಿದೆ. ಒಬ್ಬ ಅಕ್ಕ ಇದ್ದಾರೆ, 50 ದಾಟಿದೆ. ಉಳಿದವರು ಗಿಡ ಗಿಡಕ್ಕೂ ಬಗ್ಗಿ ಕಾಂಡ ಸವರಿ ನೋಡುತ್ತಿದ್ದರು. ಇವರು ಸಾಲಿನ ತುದಿಯಲ್ಲಿ ನಿಂತು "ಆ ಮೂರನೇದು, ಆಮೇಲೆ ಹಲಸಿನ ಬುಡದ್ದು" ಅಂದರು. ಹೋಗಿ ನೋಡಿದೆ. ಎಲೆ ಸ್ವಲ್ಪ ಮಂಕು, ಅಷ್ಟೇ. ಕಾಂಡದ ಪಾಚಿ ಒರೆಸಿದರೆ ಸುತ್ತ ಬಳೆ ತೊಡಿಸಿದ ಹಾಗೆ ಏಣು ಎದ್ದಿತ್ತು. ಕಿತ್ತು ಸೀಳಿದೆವು. ಎರಡರಲ್ಲೂ ಹುಳ ಇತ್ತು.

ಮರುವಾರ ಸರದಿ ಪ್ರಕಾರ ಅದೇ ಅಕ್ಕನನ್ನು ನಾನು ಗೊಬ್ಬರದ ಕಡೆ ಕಳಿಸಿದೆ. ಅವರ ಜಾಗಕ್ಕೆ ಬಂದವರು ಎರಡು ದಿನ ಸುತ್ತಿ ಆರು ಗಿಡ ತೋರಿಸಿದರು. ಈ ಮಾರ್ಚಿನಲ್ಲಿ ಆ ಬ್ಲಾಕಿನಲ್ಲಿ ನಲವತ್ತಕ್ಕೂ ಜಾಸ್ತಿ ಗಿಡ ಕಿತ್ತು ಸುಟ್ಟೆವು. ಒಂದೊಂದೂ ಅಪ್ಪ ನೆಟ್ಟ ಗಿಡ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಈಗ ಮತ್ತೆ ಸೆಪ್ಟೆಂಬರ್ ಬರುತ್ತಿದೆ. ಸರದಿ ಬಿಟ್ಟು, ಯಾರಿಗೆ ಯಾವುದು ಸಹಜವಾಗಿ ಬರುತ್ತದೋ ಅದನ್ನೇ ಕೊಡಬೇಕಾ? ಹಾಗೆ ಮಾಡಿದರೆ ಹಳೆಯ ಜಗಳ ಮತ್ತೆ ಶುರುವಾಗಲ್ವಾ? ತೋಟದವರೇ ಆಗಬೇಕೆಂದಿಲ್ಲ. ನಾಲ್ಕು ಜನರ ಹತ್ತಿರ ಕೆಲಸ ಮಾಡಿಸುವ ಯಾರಾದರೂ ಹೇಳಿ.

ಕಡೂರಿನವ
ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ಸರದಿ ಬಿಡಿ ಮೇಡಂ.

ಹಾಸನ ಗಾರ್ಮೆಂಟ್ಸ್
ನಾನು ಹಾಸನದಲ್ಲಿ ಒಂದು ಗಾರ್ಮೆಂಟ್ಸಿನಲ್ಲಿ 11 ವರ್ಷ ಇದ್ದೀನಿ. ಮೊದಲು ಟೈಲರ್, ಈಗ ಲೈನ್ ಸೂಪರ್‌ವೈಸರ್. ನಿಮ್ಮ ಪ್ರಶ್ನೆ ನಮಗೆ ದಿನಾ ಬರುತ್ತದೆ.

ಶರ್ಟ್ ಲೈನಿನಲ್ಲಿ ಗಂಟೆಗೆ 60 ಪೀಸ್ ಟಾರ್ಗೆಟ್ ಅಂದುಕೊಳ್ಳಿ. ಕಾಲರ್ ಹತ್ತಿರ 45 ಮಾತ್ರ ಆಗುತ್ತಿದೆ. ತೋಳು ಕೂಡಿಸುವವರು 70 ಮಾಡಿದರೂ ಲೈನಿನ ಕೊನೆಗೆ ಬರುವುದು 45 ಮಾತ್ರ. ಕಾಲರ್ ಹತ್ತಿರ ಬಂಡಲ್ ಗುಡ್ಡೆ ಬೀಳುತ್ತದೆ, ಆ ಕಡೆ ಪ್ಯಾಕಿಂಗಿನವರು ಸುಮ್ನೆ ಕೂತಿರುತ್ತಾರೆ. ಹಾಗಾಗಿ ಯಾರಿಗೆ ಏನು ಚೆನ್ನಾಗಿ ಬರುತ್ತದೆ ಅನ್ನುವುದು ಆಮೇಲಿನ ಮಾತು. ಮೊದಲು ಕೆಲಸ ಎಲ್ಲಿ ಸಿಕ್ಕಿಕೊಂಡಿದೆ ನೋಡಿ. ಚುರುಕಿನ ಕೈಯನ್ನು ಅಲ್ಲಿಗೆ ಹಾಕಿ.

ನಮ್ಮಲ್ಲಿ ಬಟನ್ ಹಾಕುತ್ತಿದ್ದ ಒಬ್ಬ ಹುಡುಗಿ ಇದ್ದಳು. ಸಾಧಾರಣ ಸ್ಪೀಡು. ಒಂದು ದಿನ ಊಟದ ಹೊತ್ತಿನಲ್ಲಿ ತನ್ನ ತಂಗಿಯ ಬ್ಲೌಸಿಗೆ ಕೈಯಲ್ಲೇ ಅಂಚು ಹೊಲಿಯುತ್ತಿದ್ದಳು. ಮೂಲೆ ತಿರುಗಿಸುವುದನ್ನು ನೋಡಿದೆ. ಸೂಜಿ ಒಂದು ಕ್ಷಣವೂ ನಿಲ್ಲಲಿಲ್ಲ. ಅವಳನ್ನು ಕಾಲರಿಗೆ ತಂದೆ. ಮೂರು ವಾರ ಕಷ್ಟಪಟ್ಟಳು, ಒಂದು ದಿನ ಅತ್ತಳು ಕೂಡ. ನಾಲ್ಕನೇ ವಾರದಿಂದ ಲೈನ್ 58 ದಾಟಿತು. ಐದು ವರ್ಷ ಬಟನ್ ಹತ್ತಿರ ಕೂತಿದ್ದಳು. ಆ ಕೈ ಅಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗೋಡೆ ಮೇಲೆ ಒಂದು ಚಾರ್ಟ್ ಹಾಕಿ. ಒಂದು ಕಡೆ ಹೆಸರು, ಮೇಲೆ ಕೆಲಸ. ಈಗಷ್ಟೇ ಕಲಿಯುತ್ತಿದ್ದರೆ ಕಾಲು ಭಾಗ ತುಂಬಿದ ವೃತ್ತ, ಒಬ್ಬರೇ ಮಾಡಬಲ್ಲರಾದರೆ ಅರ್ಧ, ಟಾರ್ಗೆಟ್ ಮುಟ್ಟಿದರೆ ಮುಕ್ಕಾಲು, ಇನ್ನೊಬ್ಬರಿಗೆ ಕಲಿಸಬಲ್ಲರಾದರೆ ಪೂರ್ತಿ. ಒಂದೇ ನೋಟಕ್ಕೆ ಎಲ್ಲ ಗೊತ್ತಾಗುತ್ತದೆ.

ಅರಸೀಕೆರೆ ಟು ಬೆಂಗಳೂರು
ನಾನು ಬೆಂಗಳೂರಿನಲ್ಲಿ ಎಚ್‌ಆರ್. ಇದಕ್ಕೆಂದೇ ಪರೀಕ್ಷೆಗಳಿವೆ. ಅಮೆರಿಕದ ಡೊನಾಲ್ಡ್ ಕ್ಲಿಫ್ಟನ್ ಅನ್ನುವ ಮನಶ್ಶಾಸ್ತ್ರಜ್ಞರು ಜೀವನಪೂರ್ತಿ ಇದೇ ಕೆಲಸ ಮಾಡಿದರು. ಮನುಷ್ಯನಲ್ಲಿ ಏನು ಕೆಟ್ಟಿದೆ ಅಂತ ನೋಡುವ ಬದಲು ಏನು ಚೆನ್ನಾಗಿದೆ ಅಂತ ನೋಡೋಣ ಅಂತ ಹೊರಟವರು. ಅವರ ದಾರಿಯಲ್ಲೇ ಗ್ಯಾಲಪ್ ಸಂಸ್ಥೆ ಮಾಡಿರುವ ಪರೀಕ್ಷೆಯಲ್ಲಿ 34 ಬಗೆಯ ಸಹಜ ಶಕ್ತಿಗಳಿವೆ. ಅದರಲ್ಲಿ ನಿಮ್ಮ ಮೊದಲ ಐದು ಯಾವುವು ಅಂತ ಹೇಳುತ್ತದೆ. ನಮ್ಮ ಟೀಮಿನಲ್ಲಿ ಮಾಡಿಸಿದೆವು, ತುಂಬಾ ಉಪಯೋಗವಾಯಿತು. ಪ್ರೆಸೆಂಟೇಶನ್ ಅಂದರೆ ನಡುಗುತ್ತಿದ್ದ ಹುಡುಗನಿಗೆ ಲೆಕ್ಕ ಪರಿಶೀಲನೆ ಕೊಟ್ಟೆವು. ಈಗ ಅವನ ಕಣ್ಣು ತಪ್ಪಿಸಿ ಒಂದು ತಪ್ಪೂ ಹೊರಗೆ ಹೋಗುವುದಿಲ್ಲ.

ಪಾಠದ ಮೇಷ್ಟ್ರು
ಮೇಲಿನವರಿಗೆ ಗೌರವದಿಂದಲೇ ಹೇಳುತ್ತೇನೆ, ಪರೀಕ್ಷೆಯ ಫಲಿತಾಂಶ ಓದಿ "ಅರೆ, ಇದು ನಾನೇ" ಅನ್ನಿಸುವುದು ಯಾವುದಕ್ಕೂ ಸಾಕ್ಷಿ ಅಲ್ಲ. ನಾನು ಪಿಯು ಮಕ್ಕಳಿಗೆ ಮನಶ್ಶಾಸ್ತ್ರ ಹೇಳುತ್ತೇನೆ. 1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವವರು ತಮ್ಮ ವಿದ್ಯಾರ್ಥಿಗಳಿಗೆ ಒಂದು ಸ್ವಭಾವ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ "ಇದು ನಿನ್ನ ಫಲಿತಾಂಶ" ಅಂತ ಒಂದೊಂದು ಹಾಳೆ. 5ಕ್ಕೆ ಎಷ್ಟು ಸರಿ ಅಂತ ಕೇಳಿದರೆ ಸರಾಸರಿ 4ಕ್ಕಿಂತ ಜಾಸ್ತಿ ಬಂತು. ಅಸಲಿಗೆ ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ! ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ ಸಾಲುಗಳು.

ಆಲ್ದೂರಿನ ಮೇಡಂ ಸಾಲಿನ ತುದಿಯಲ್ಲಿ ನಿಂತು ಕಣ್ಣಾರೆ ನೋಡಿದ್ದಾರಲ್ಲ, ಅದು ಯಾವ ಪರೀಕ್ಷೆಗಿಂತಲೂ ಗಟ್ಟಿ.

ಅರಸೀಕೆರೆ ಟು ಬೆಂಗಳೂರು
ಮೇಷ್ಟ್ರೇ, ಫೋರರ್ ಕೊಟ್ಟದ್ದು ಎಲ್ಲರಿಗೂ ಒಂದೇ ಹಾಳೆ. ಇದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬರುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಆದರೆ ಒಂದು ಮಾತು ಒಪ್ಪುತ್ತೇನೆ. ಪರೀಕ್ಷೆಯಿಂದ ನಮಗೆ ಆದ ಲಾಭ ಅಂದರೆ ಎಲ್ಲರೂ ಒಂದು ಮಧ್ಯಾಹ್ನ ಕೂತು "ನನಗೆ ಇದು ಇಷ್ಟ, ಇದು ಹಿಂಸೆ" ಅಂತ ಬಾಯಿ ಬಿಟ್ಟು ಮಾತಾಡಿದ್ದು. ತೋಟದಲ್ಲಿ ಅದಕ್ಕೆ ಪರೀಕ್ಷೆ ಬೇಡ. ಸಂಜೆ ಕಾಫಿ ಕೊಡುವಾಗ ಒಂದು ಪ್ರಶ್ನೆ ಕೇಳಿ: ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲ್ಲ?

ಪಾಠದ ಮೇಷ್ಟ್ರು
ಈ ಪ್ರಶ್ನೆಗೆ ನನ್ನ ಪೂರ್ಣ ಒಪ್ಪಿಗೆ.

ನೈಟ್ ಡ್ಯೂಟಿ
ಎಲ್ಲರೂ ಬರೀ ಲಾಭವನ್ನೇ ಹೇಳುತ್ತಿದ್ದೀರಿ. ನಾನು ಇನ್ನೊಂದು ಕಡೆ ಹೇಳುತ್ತೇನೆ. ನಾನು ನರ್ಸ್. ಮಕ್ಕಳ ವಾರ್ಡಿನಲ್ಲಿದ್ದೆ. ಕೈಕೂಸಿಗೆ ನರ ಸಿಗುವುದು ಎಷ್ಟು ಕಷ್ಟ ಅಂತ ನೋಡಿದವರಿಗೆ ಗೊತ್ತು. ಮಗು ಅಳುತ್ತಿರುತ್ತದೆ, ಅಮ್ಮ ಅಳುತ್ತಿರುತ್ತಾಳೆ, ಕೈ ಗುಂಡುಗುಂಡಗೆ ಇರುತ್ತದೆ, ನರ ಕಾಣುವುದೇ ಇಲ್ಲ. ನನಗೆ ಅದು ಹೇಗೋ ಬರುತ್ತದೆ. ಬೆರಳ ತುದಿಗೆ ಗೊತ್ತಾಗುತ್ತದೆ, ಒಂದೇ ಸಲಕ್ಕೆ ಸಿಗುತ್ತದೆ.

ಆಮೇಲೆ ಏನಾಯಿತು? ಬೇರೆ ವಾರ್ಡಿನಿಂದ ಕರೆ. ಊಟಕ್ಕೆ ಕೂತರೆ ಕರೆ. ರಜೆಯ ದಿನ ಫೋನು, "ಹತ್ತಿರದಲ್ಲೇ ಇದ್ದರೆ ಬಂದು ಹೋಗು". ನನ್ನ ವಾರ್ಡಿನ ಕೆಲಸ ಹಾಗೇ ಬಾಕಿ, ಅದಕ್ಕೆ ಬೈಗುಳವೂ ನನಗೇ. ಜೊತೆಯವರು ಯಾರೂ ಕಲಿಯಲಿಲ್ಲ, ಯಾಕೆಂದರೆ ನಾನಿದ್ದೆನಲ್ಲ. ಒಂದೂವರೆ ವರ್ಷ ಹೀಗೇ ನಡೆದು ಕೊನೆಗೆ ಆ ಆಸ್ಪತ್ರೆ ಬಿಟ್ಟೆ. ಚೆನ್ನಾಗಿ ಮಾಡುವವರ ತಲೆ ಮೇಲೇ ಎಲ್ಲ ಬಂದು ಬೀಳುತ್ತದೆ. ಅಕ್ಕನಿಗೆ ಹಾಗಾಗದ ಹಾಗೆ ನೋಡಿಕೊಳ್ಳಿ. ಈಗಿರುವ ಕಡೆ ಸಿಸ್ಟರ್ ಇನ್‌ಚಾರ್ಜ್ ಒಂದು ನಿಯಮ ಮಾಡಿದ್ದಾರೆ. ನನ್ನನ್ನು ಕರೆದರೆ ಜೊತೆಗೆ ಒಬ್ಬ ಹೊಸಬಳು ಬಂದು ನಿಲ್ಲಬೇಕು. ಮೂರನೇ ಸಲ ಅವಳೇ ಮಾಡಬೇಕು, ನಾನು ಬರೀ ಮಗುವಿನ ಕೈ ಹಿಡಿಯುತ್ತೇನೆ.

ಮೂಡಿಗೆರೆ ಹಳಬ
ತಂಗಿ ಹೇಳಿದ್ದು ಅಪ್ಪಟ ಸತ್ಯ. ನಮ್ಮ ಕಣದಲ್ಲಿ ಒಬ್ಬ ಇದ್ದ. ಪಲ್ಪ್ ಮಾಡಿದ (ಹಣ್ಣಿನ ಸಿಪ್ಪೆ ಸುಲಿದ) ಬೀಜವನ್ನು ತೊಟ್ಟಿಯಲ್ಲಿ ಮುಷ್ಟಿ ಹಿಡಿದು ತಿಕ್ಕಿ, ಲೋಳೆ ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ. ಬಿಟ್ಟಿದ್ದರೆ ಬೀಜ ಕೈಯಲ್ಲಿ ಮರಳಿನ ಕಲ್ಲಿನ ಹಾಗೆ ಒರಟು ಸದ್ದು ಮಾಡುತ್ತದೆ. ಒಣಗುವಾಗ ಒಂದು ಬೀಜ ಹಲ್ಲಿಗೆ ಇಟ್ಟು "ಇನ್ನೊಂದು ಬಿಸಿಲು ಬೇಕು" ಅನ್ನುತ್ತಿದ್ದ. ತೇವ 10 ಪರ್ಸೆಂಟಿಗೆ ಬಂದಿದೆ ಅಂತ ಕ್ಯೂರಿಂಗಿನ (ಬೀಜ ಹದ ಮಾಡುವ ಕಾರ್ಖಾನೆಯ) ಮೀಟರ್ ಹೇಳುವ ಮೊದಲೇ ಇವನ ಹಲ್ಲು ಹೇಳುತ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಡಿಸೆಂಬರಿನಲ್ಲಿ, ಕುಯ್ಲು ಜೋರಾಗಿರುವಾಗಲೇ ಅವನಿಗೆ ಟೈಫಾಯ್ಡ್. ಹತ್ತು ದಿನ. ತೊಟ್ಟಿ ನೋಡಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಎರಡು ತೊಟ್ಟಿ ಅತಿಯಾಗಿ ಹುಳಿತು. ಆ ಕಾಫಿಯ ವಾಸನೆ ಈಗಲೂ ಮೂಗಲ್ಲಿದೆ. ಒಬ್ಬನ ಶಕ್ತಿಯನ್ನೇ ನಂಬಿ ಇಡೀ ಬೆಳೆ ಇಟ್ಟದ್ದು ನನ್ನ ತಪ್ಪು, ಅವನದಲ್ಲ. ಅವನು ಎದ್ದು ಬಂದ ಮೇಲೆ ಮೊದಲ ಕೆಲಸ, ಇಬ್ಬರು ಹುಡುಗರನ್ನು ಅವನ ಕೈ ಕೆಳಗೆ ಬಿಟ್ಟೆ.

ಇನ್ನು ಬೋರರ್ ವಿಷಯ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಅವರು ಹೇಳುವುದೂ ಇದನ್ನೇ. ಆ ಹುಳ ಬೆಳೆದು ದುಂಬಿಯಾಗಿ ಏಪ್ರಿಲ್-ಮೇ ಒಂದು ಸಲ, ಅಕ್ಟೋಬರಿನಿಂದ ಡಿಸೆಂಬರ್ ಇನ್ನೊಂದು ಸಲ ಹೊರಗೆ ಬರುತ್ತದೆ. ಅದಕ್ಕೆ ಮುಂಚೆ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಗಿಡ ಹುಡುಕಿ ಕಿತ್ತು ಸುಡಬೇಕು. ಸೆಪ್ಟೆಂಬರಿನಲ್ಲಿ ಬಿಟ್ಟ ಗಿಡ ಮಾರ್ಚಿಗೆ ನಾಲ್ಕಾಗುತ್ತದೆ. ಗಾರ್ಮೆಂಟ್ಸಿನ ತಂಗಿ ಹೇಳಿದ ಕಾಲರ್ ಅಂದರೆ ನಿಮ್ಮ ತೋಟಕ್ಕೆ ಇದೇ. ಆ ಎರಡು ತಿಂಗಳು ಅಕ್ಕನನ್ನು ಬೇರೆ ಕಡೆ ಕಳಿಸಲೇಬೇಡಿ.

ಬಳಪದ ಕಲ್ಲು
ಸ್ವಲ್ಪ ದಾರಿ ತಪ್ಪಿ ಹೇಳುತ್ತೇನೆ. ನಮ್ಮ ಹಾಸನ ಜಿಲ್ಲೆಯ ದೇವಸ್ಥಾನಗಳಲ್ಲೇ ಇದಕ್ಕೆ ಉತ್ತರ ಇದೆ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ, 1246ರದ್ದು. ಒಂದು ಪಕ್ಕದ ವಿಗ್ರಹಗಳು ಬೈಚೋಜನ ಕೈ, ಇನ್ನೊಂದು ಪಕ್ಕದ್ದು ಮಲ್ಲಿತಮ್ಮನ ಕೈ. ವಿಗ್ರಹಗಳ ಕೆಳಗೆ ಹೆಸರೂ ಇದೆ. ಒಂದೇ ಗುಡಿ, ಒಂದೇ ಬಳಪದ ಕಲ್ಲು, ಎರಡು ಕೈ. ಇಬ್ಬರೂ ಒಂದೇ ಥರ ಕೆತ್ತಬೇಕು ಅಂತ ಯಾರೂ ಹಠ ಹಿಡಿಯಲಿಲ್ಲ.

ಸಕಲೇಶಪುರ ಘಾಟಿ
ಬೇಲೂರು ಎಲ್ಲ ಜಕಣಾಚಾರಿ ಒಬ್ಬರೇ ಮಾಡಿದ್ದಲ್ವಾ?

ಬಳಪದ ಕಲ್ಲು
ಅದು ಐತಿಹ್ಯ. ಬೇಲೂರಿನ ಗುಡಿ 1117ರದ್ದು, ವಿಷ್ಣುವರ್ಧನನ ಕಾಲದ್ದು. ಅಲ್ಲಿನ ಶಿಲ್ಪಗಳ ಮೇಲೆ ಹಲವು ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಕೆಲಸ ಮದನಿಕೆಯರಲ್ಲೇ ಇದೆ. ಅಪ್ಪನಿಂದ ಮಗ ಕಲಿತ, ಮಗನ ಕೆಲಸದ ಕೆಳಗೆ ಮಗನದೇ ಹೆಸರು ಬಿತ್ತು. ಇದು ನನಗೆ ತುಂಬಾ ಇಷ್ಟವಾದ ವಿಷಯ, ಅದಕ್ಕೇ ಉದ್ದ ಆಯಿತು.

ಚನ್ನರಾಯಪಟ್ಟಣ ತೆಂಗು
ನುಗ್ಗೇಹಳ್ಳಿ ನಮ್ಮ ತಾಲ್ಲೂಕು. ದಕ್ಷಿಣಕ್ಕೆ ಬೈಚೋಜ, ಉತ್ತರಕ್ಕೆ ಮಲ್ಲಿತಮ್ಮ. ಎಲ್ಲರೂ ಬೇಲೂರು ಹಳೇಬೀಡು ನೋಡಿ ವಾಪಸ್ ಹೋಗುತ್ತಾರೆ, ಇಲ್ಲಿಗೂ ಬನ್ನಿ.

ಲೈನ್ ಮನೆ ಮಗಳು
ದೇವಸ್ಥಾನದಿಂದ ವಾಪಸ್ ತೋಟಕ್ಕೆ ಬರೋಣ. ನಾನು ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಅಮ್ಮ ಮೂವತ್ತು ವರ್ಷ ಕಾಫಿ ಕುಯ್ದವರು. ಈಗ ನಾನು ಚಿಕ್ಕಮಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತೇನೆ.

"ಸಹಜವಾಗಿ ಬರುವ ಕೆಲಸ" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಯಾಕೆ ಹೇಳುತ್ತೇನೆ. ನಾನು ಬೆಳೆದ ತೋಟದಲ್ಲಿ "ಹೆಂಗಸರಿಗೆ ತಾಳ್ಮೆ ಸಹಜ, ಕುಯ್ಯುವುದು, ಆರಿಸುವುದು ಅವರಿಗೇ ಒಗ್ಗುತ್ತದೆ" ಅನ್ನುತ್ತಿದ್ದರು. ಕಳೆ ಹೊಡೆಯುವ ಮಿಷನ್, ಔಷಧಿ ಪಂಪು, ಏಣಿ ಎಲ್ಲ ಗಂಡಸರಿಗೆ ಸಹಜವಂತೆ. ಗಂಡಸರಿಗೆ ಸಹಜವಾದ ಕೆಲಸಕ್ಕೆಲ್ಲ ಕೂಲಿ ಜಾಸ್ತಿ, ಹೆಂಗಸರಿಗೆ ಸಹಜವಾದದ್ದಕ್ಕೆ ಕಮ್ಮಿ. ನಮ್ಮ ಅಮ್ಮನಿಗೆ ಮಿಷನ್ ಹಿಡಿಯಲು ಯಾರೂ ಒಂದು ದಿನ ಕೊಡಲಿಲ್ಲ. ಕೊಡದೆ ಇದ್ದರೆ ಸಹಜವೋ ಅಲ್ಲವೋ ಗೊತ್ತಾಗುವುದು ಹೇಗೆ? ಸಮಾನ ಕೆಲಸಕ್ಕೆ ಸಮಾನ ಕೂಲಿ ಅಂತ 1976ರಲ್ಲೇ ಕಾನೂನು ಬಂತು. ಕೆಲಸವನ್ನೇ ಬೇರೆ ಬೇರೆ ಮಾಡಿಟ್ಟರೆ ಅಂಥ ಕಾನೂನು ಲೈನ್ ಮನೆ ಮುಟ್ಟುವುದೇ ಇಲ್ಲ.

ಆಲ್ದೂರಿನ ಅಕ್ಕಾ, ನೇರವಾಗಿ ಕೇಳುತ್ತೇನೆ. ನಿಮ್ಮ ತೋಟದಲ್ಲಿ ಯಾವ ಕೆಲಸಕ್ಕೆ ಜಾಸ್ತಿ ಕೊಡುತ್ತೀರಿ?

ಆಲ್ದೂರು ತೋಟ
ದಿನಗೂಲಿ ಗಂಡಸರಿಗೂ ಹೆಂಗಸರಿಗೂ ಒಂದೇ. ಅಪ್ಪನ ಕಾಲದಿಂದಲೂ ಹಾಗೇ. ಆದರೆ ಮರಗಸಿ ಮಾಡುವವರಿಗೆ (ನೆರಳಿನ ಮರ ಹತ್ತಿ ಕೊಂಬೆ ಕಡಿಯುವವರಿಗೆ), ಮೆಣಸಿನ ಏಣಿ ಹತ್ತುವವರಿಗೆ ದಿನಕ್ಕೆ ಇಷ್ಟು ಅಂತ ಮೇಲೆ ಕೊಡುತ್ತೇವೆ. ಅಪಾಯದ ಕೆಲಸ ಅಲ್ವಾ. ಹತ್ತುವವರು ಐದೂ ಜನ ಗಂಡಸರೇ. ಇದನ್ನು ಬರೆಯುವಾಗಲೇ ಗೊತ್ತಾಗುತ್ತಿದೆ, ಬೋರರ್ ಅಕ್ಕನಿಗೆ ನಾನು ಒಂದು ರೂಪಾಯಿಯೂ ಮೇಲೆ ಕೊಟ್ಟಿಲ್ಲ.

ಲೈನ್ ಮನೆ ಮಗಳು
ಏಣಿಗೆ ಕೊಡುವುದು ಸರಿ, ಬೇಡ ಅನ್ನುತ್ತಿಲ್ಲ. ಬಿದ್ದವರನ್ನು ನೋಡಿದ್ದೇನೆ. ಆದರೆ ಆ ಅಕ್ಕ ತೋರಿಸಿದ ಒಂದು ಗಿಡ ಎಷ್ಟು ಗಿಡ ಉಳಿಸಿತು ಲೆಕ್ಕ ಹಾಕಿ. ಹೊಸ ಗಿಡ ನೆಟ್ಟು ಫಸಲಿಗೆ ಬರಲು ಮೂರು ನಾಲ್ಕು ವರ್ಷ. ಕಣ್ಣಿನ ಕೆಲಸಕ್ಕೆ ಬೆವರು ಕಾಣಲ್ಲ, ಅದಕ್ಕೆ ಯಾರೂ ಅದನ್ನು ಕೆಲಸ ಅಂತ ಎಣಿಸುವುದೇ ಇಲ್ಲ.

ಹಾಸನ ಗಾರ್ಮೆಂಟ್ಸ್
ಇದು ನಮ್ಮಲ್ಲೂ ಇದೆ. ಕಾಲರಿಗೆ ಬಂದ ಹುಡುಗಿಗೆ ಗ್ರೇಡ್ ಏರಿಸಲು ನಾನು ಆಫೀಸಿಗೆ ನಾಲ್ಕು ತಿಂಗಳು ಅಲೆದೆ. ಕೊನೆಗೂ ಏರಿಸಿದರು. ಅದಾಗದೆ ಇದ್ದಿದ್ದರೆ ಅವಳು ಬಟನ್ನಿಗೇ ವಾಪಸ್ ಹೋಗುತ್ತಿದ್ದಳು. ಹೋಗಬೇಕಾದದ್ದೇ.

ಕಡೂರಿನವ
ಎಲ್ಲ ಸರಿ. ಆದರೆ ಯಾರಿಗೂ ಒಗ್ಗದ ಕೆಲಸ ಇರುತ್ತದಲ್ಲ? ಚರಂಡಿ ತೆಗೆಯುವುದು, ಗೊಬ್ಬರ ಹೊರುವುದು. ಅದು ಯಾರ ಸಹಜ ಶಕ್ತಿ?

ಮೂಡಿಗೆರೆ ಹಳಬ
ಒಳ್ಳೆ ಪ್ರಶ್ನೆ. ಅದಕ್ಕೆ ಸರದಿ ಇಡಿ. ಅಷ್ಟಕ್ಕೆ ಮಾತ್ರ. ಮೇಸ್ತ್ರಿಯನ್ನೂ ಸೇರಿಸಿ.

ಪಾಠದ ಮೇಷ್ಟ್ರು
ಹೊರುವ ಕೆಲಸ ಅಂದಾಗ ನೆನಪಾಯಿತು. ಫ್ರಾನ್ಸಿನಲ್ಲಿ ರಿಂಗೆಲ್‌ಮನ್ ಅಂತ ಒಬ್ಬ ಕೃಷಿ ಎಂಜಿನಿಯರ್ ಇದ್ದರು. ಹಗ್ಗ ಎಳೆಯುವಂಥ ಕೆಲಸದಲ್ಲಿ ಜನ ಜಾಸ್ತಿಯಾದ ಹಾಗೆ ಒಬ್ಬೊಬ್ಬರ ಪಾಲಿನ ಬಲ ಕಮ್ಮಿಯಾಗುವುದನ್ನು ಅಳೆದು, 1913ರಲ್ಲಿ ಪ್ರಕಟಿಸಿದರು. 8 ಜನ ಸೇರಿದಾಗ ಒಬ್ಬೊಬ್ಬರದು ಸುಮಾರು ಅರ್ಧಕ್ಕೆ ಇಳಿದಿತ್ತು. ನನ್ನ ಪಾಲು ಎಷ್ಟು ಅಂತ ಕಾಣದೆ ಇರುವುದು ಅದಕ್ಕೆ ಒಂದು ಕಾರಣ, ಒಟ್ಟಿಗೆ ಎಳೆಯುವ ಹದ ತಪ್ಪುವುದು ಇನ್ನೊಂದು. ಹಾಗಾಗಿ 14 ಜನರನ್ನು ಒಂದೇ ಚರಂಡಿಗೆ ಇಳಿಸಬೇಡಿ. ಮೂರು ನಾಲ್ಕು ಜನಕ್ಕೆ ಒಂದೊಂದು ಪಟ್ಟಿ ಹಂಚಿ, ಇದು ನಿಮ್ಮದು ಅನ್ನಿ.

ಸಕಲೇಶಪುರ ಘಾಟಿ
ಇದು ನಿಜ. ನಮ್ಮಲ್ಲಿ ಜಾಸ್ತಿ ಜನ ಹಾಕಿದ ದಿನವೇ ಕಮ್ಮಿ ಕೆಲಸ ಆಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ಆಲ್ದೂರು ತೋಟ
ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಕಾಫಿ ಮಾಡಿಸಿ ಎಲ್ಲರನ್ನೂ ಕಣದ ಶೆಡ್ಡಿನಲ್ಲಿ ಕೂರಿಸಿದೆ. ಅರಸೀಕೆರೆಯವರ ಪ್ರಶ್ನೆಯನ್ನೇ ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಒಬ್ಬ ಹುಡುಗ ಹೇಳಿದ, ಅವನಿಗೆ ಪಂಪ್‌ಸೆಟ್ ರಿಪೇರಿ ಇಷ್ಟವಂತೆ. ಎರಡು ವರ್ಷದಿಂದ ನಾವು ಮೂಡಿಗೆರೆಯಿಂದ ಮೆಕ್ಯಾನಿಕ್ ಕರೆಸುತ್ತಿದ್ದೇವೆ! ಒಬ್ಬ ಸಣ್ಣ ಹೆಂಗಸು ತಲೆ ಬಗ್ಗಿಸಿಕೊಂಡೇ "ಮಿಷನ್ ಒಂದ್ ಸಲ ಹಿಡಿದು ನೋಡ್ಬೇಕು ಅಂತ ಆಸೆ" ಅಂದಳು. ಸೋಮವಾರದಿಂದ ಕಲಿಯುತ್ತಾಳೆ.

ಬೋರರ್ ಅಕ್ಕನನ್ನು ಕೇಳಿದೆ, ದೂರದಿಂದ ಹೇಗೆ ಗೊತ್ತಾಗುತ್ತದೆ ಅಂತ. ಬಹಳ ಹೊತ್ತು ಯೋಚಿಸಿದರು. "ಆ ಗಿಡ ಬಾಯಾರಿದ ಹಂಗೆ ಕಾಣ್ತದವ್ವ, ಸುತ್ತ ಎಲ್ಲ ನೀರು ಕುಡ್ದಿದ್ರೂ" ಅಂದರು. ನನಗೆ ಮಾತು ಬರಲಿಲ್ಲ.

ಹೀಗೆ ಮಾಡಿದ್ದೇವೆ. ಸೆಪ್ಟೆಂಬರ್ ಮತ್ತು ಮಾರ್ಚ್ ಅಕ್ಕನಿಗೆ ಬೋರರ್ ಬಿಟ್ಟು ಬೇರೆ ಕೆಲಸ ಇಲ್ಲ. ಏಣಿಯವರಿಗೆ ಮೇಲೆ ಎಷ್ಟು ಕೊಡುತ್ತೇವೋ ಆ ದಿನಗಳಲ್ಲಿ ಅವರಿಗೂ ಅಷ್ಟೇ. ಏಣಿಯವರು ಏನಾದರೂ ಅನ್ನುತ್ತಾರೆ ಅಂತ ಭಯ ಇತ್ತು. ಅವರಲ್ಲೇ ಹಿರಿಯರು "ಮಾರ್ಚ್‌ನಲ್ಲಿ ಗಿಡ ಸುಟ್ಟಿದ್ದು ನಾವೇ ಅಲ್ವಾ, ಕೊಡಿ" ಅಂದರು. ಅಕ್ಕನ ಜೊತೆ ಇಬ್ಬರು ಕಲಿಯಲು ಹೋಗುತ್ತಾರೆ, ಒಬ್ಬ ಹುಡುಗ, ಒಬ್ಬ ಹುಡುಗಿ. ಗೊಬ್ಬರ, ಚರಂಡಿ ಸರದಿಯಲ್ಲೇ ಇರುತ್ತದೆ, ಮೂರು ನಾಲ್ಕು ಜನದ ಗುಂಪು. ಚಾರ್ಟ್ ಇವತ್ತು ಬರೆಯುತ್ತೇನೆ. ಓದು ಬಾರದವರಿಗಾಗಿ ಕೆಲಸದ ಹೆಸರಿನ ಬದಲು ಚಿತ್ರ.

ನೈಟ್ ಡ್ಯೂಟಿ
ಅಕ್ಕನಿಗೆ ವಾರಕ್ಕೆ ಒಂದು ದಿನ ರಜೆ ತಪ್ಪಿಸಬೇಡಿ. ಆ ದಿನ ಯಾರು ಕರೆದರೂ ಕಳಿಸಬೇಡಿ.

ಲೈನ್ ಮನೆ ಮಗಳು
ಮಿಷನ್ ಕಲಿಯುವವಳಿಗೆ ಬೂಟು, ಕನ್ನಡಕ ಅವಳ ಅಳತೆಯದೇ ತನ್ನಿ ಅಕ್ಕಾ. ಗಂಡಸರ ಬೂಟು ಜಾರುತ್ತದೆ.

ಆಲ್ದೂರು ತೋಟ
ಇಬ್ಬರಿಗೂ ಆಗಲಿ. ನಾಳೆಯೇ ಚಿಕ್ಕಮಗಳೂರಿಗೆ ಹೋಗುತ್ತಿದ್ದೇನೆ, ಅವಳನ್ನೂ ಕರೆದುಕೊಂಡು ಹೋಗುತ್ತೇನೆ.

ಮೂಡಿಗೆರೆ ಹಳಬ
ಕೊನೆಯದಾಗಿ ಒಂದು. ಅಕ್ಕನ ಕೈಗೆ ಕತ್ತಿ ಕೊಡಬೇಡಮ್ಮ. ಕಡಿಯುತ್ತಾ ನಿಂತರೆ ಕಣ್ಣು ಸಾಲಿನಿಂದ ಆಚೆ ಹೋಗುತ್ತದೆ. ಅವರು ತೋರಿಸಿದ ಗಿಡಕ್ಕೆ ಕಲಿಯುವ ಹುಡುಗರು ಬಟ್ಟೆ ಪಟ್ಟಿ ಕಟ್ಟಲಿ, ಕೀಳುವವರು ಹಿಂದಿನಿಂದ ಬರಲಿ. ಹಸಿರಿನಲ್ಲಿ ಎದ್ದು ಕಾಣುವ ಬಣ್ಣ ಇರಲಿ.

ಆಲ್ದೂರು ತೋಟ
ಸರಿ ಸರ್. ಅಮ್ಮನ ಹಳೆಯ ಕೆಂಪು ಸೀರೆ ಒಂದಿದೆ. ಇವತ್ತು ರಾತ್ರಿ ಕೂತು ಪಟ್ಟಿ ಹರಿಯುತ್ತೇವೆ.